ಮುಟ್ಟು ನಿಲ್ಲುವ ಪ್ರಾಯ: ಯಾವುದು ಸಹಜ, ಯಾವುದನ್ನು ತೋರಿಸಬೇಕು?

ಪ್ರಶ್ನೆ: ನಾನು ಕಟಪಾಡಿ ಕಡೆಯವಳು. ಪ್ರಾಯ 47. ಎರಡು ಮಕ್ಕಳು, ಮಕ್ಕಳಾಗದ ಆಪರೇಷನ್ ಆಗಿದೆ. ಮನೆಯಲ್ಲಿ ಮಲ್ಲಿಗೆ ಕೃಷಿ. ಒಂದು ವರ್ಷದಿಂದ ಮುಟ್ಟು ಹಿಂದೆ ಮುಂದೆ ಆಗುತ್ತಿದೆ. ಕೆಲವು ಸಲ ಎರಡು ತಿಂಗಳು ಬರುವುದೇ ಇಲ್ಲ. ಬಂದರೆ ಎಂಟು ಹತ್ತು ದಿನ ಗಡ್ಡೆ ಗಡ್ಡೆಯಾಗಿ ಹೋಗುತ್ತದೆ. ರಾತ್ರಿ ಮೈಯೆಲ್ಲ ಬಿಸಿಯಾಗಿ, ಬೆವರಿ ಎಚ್ಚರವಾಗುತ್ತದೆ. ಸುಮ್ಮಸುಮ್ಮನೆ ಸಿಟ್ಟು, ಅಳು. ಅತ್ತೆ 'ಈ ಪ್ರಾಯಕ್ಕೆ ಇದೆಲ್ಲ ಇದ್ದದ್ದೇ, ಸುಮ್ನಿರು' ಎನ್ನುತ್ತಾರೆ. ನಾದಿನಿ 'ಗರ್ಭಕೋಶ ತೆಗೆಸಿಬಿಡು, ನಾನು ತೆಗೆಸಿ ಆರಾಮಾಗಿದ್ದೇನೆ' ಎನ್ನುತ್ತಾಳೆ. ಇದು ಸಹಜವಾ, ಕಾಯಿಲೆಯಾ? ಹಾರ್ಮೋನ್ ಮಾತ್ರೆ ತಿಂದರೆ ಕ್ಯಾನ್ಸರ್ ಬರುತ್ತದೆ ಅನ್ನುವುದು ನಿಜವಾ?

ಉತ್ತರ: ನೀವು ಬರೆದದ್ದರಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಮುಟ್ಟು ಹಿಂದೆ ಮುಂದೆ ಆಗುವುದು, ಮೈ ಬಿಸಿಯಾಗುವುದು, ನಿದ್ದೆ ಕೆಡುವುದು, ಸಿಟ್ಟು ಬರುವುದು ಎಲ್ಲ ಮುಟ್ಟು ನಿಲ್ಲುವ ಕಾಲದಲ್ಲಿ ಆಗುವಂಥದ್ದೇ. ಎಂಟು ಹತ್ತು ದಿನ ಗಡ್ಡೆಯಾಗಿ ರಕ್ತ ಹೋಗುವುದನ್ನು ಮಾತ್ರ ಆ ಲೆಕ್ಕಕ್ಕೆ ಸೇರಿಸಬೇಡಿ. ಅದನ್ನು ಈ ವಾರವೇ ವೈದ್ಯರಿಗೆ ತೋರಿಸಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ಮುಟ್ಟು ನಿಲ್ಲುವುದು ಕಾಯಿಲೆ ಅಲ್ಲ. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಮುಂದೆ ಹೊಸತಾಗಿ ಸೇರುವುದಿಲ್ಲ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ. ಜೀವಮಾನದಲ್ಲಿ ಬಿಡುಗಡೆಯಾಗುವುದು 400ರಷ್ಟು ಮಾತ್ರ, ಬಾಕಿ ತಾವಾಗಿಯೇ ಕರಗಿ ಹೋಗುತ್ತವೆ. ಅಂಡಾಣು ಮುಗಿಯುತ್ತಾ ಬಂದ ಹಾಗೆ ಅಂಡಾಶಯ ಈಸ್ಟ್ರೋಜನ್ ಹಾರ್ಮೋನ್ ಮಾಡುವುದನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಇದು ನೀವು ತಿಂದದ್ದರಿಂದಲೋ, ಮಾಡಿದ ಕೆಲಸದಿಂದಲೋ ಬಂದದ್ದಲ್ಲ. ಆಪರೇಷನ್ ಮಾಡಿಸಿಕೊಂಡದ್ದರಿಂದಲೂ ಅಲ್ಲ. 'ಮುಟ್ಟು ನಿಂತರೆ ಕೆಟ್ಟ ರಕ್ತ ಒಳಗೇ ಉಳಿಯುತ್ತದೆ' ಎಂಬ ಹೆದರಿಕೆ ನಮ್ಮ ಕಡೆ ಇವತ್ತಿಗೂ ಇದೆ. ಮುಟ್ಟಿನಲ್ಲಿ ಹೋಗುವುದು ಕೆಟ್ಟ ರಕ್ತವೇ ಅಲ್ಲ. ಗರ್ಭಕೋಶದ ಒಳಪದರ ಕಳಚಿ ಬರುವುದು ಅಷ್ಟೆ. ಪದರ ಬೆಳೆಯದೇ ಇದ್ದಾಗ ಹೊರಗೆ ಬರಲು ಏನೂ ಇರುವುದಿಲ್ಲ.

ಪ್ರಾಣಿಗಳಲ್ಲಿ ಹೆಚ್ಚಿನವಕ್ಕೆ ಈ ಘಟ್ಟವೇ ಇಲ್ಲ. ಸಾಯುವ ತನಕ ಮರಿ ಹಾಕುತ್ತಿರುತ್ತವೆ. ಮರಿ ಹಾಕುವುದು ನಿಂತ ಮೇಲೂ ಹತ್ತಾರು ವರ್ಷ ಬದುಕುವುದು ಮನುಷ್ಯರಲ್ಲಿ ಮತ್ತು ಓರ್ಕಾದಂಥ ಕೆಲವೇ ತಿಮಿಂಗಿಲಗಳಲ್ಲಿ. ಅಜ್ಜಿ ಓರ್ಕಾ ಇರುವ ಗುಂಪಿನಲ್ಲಿ ಮೊಮ್ಮಕ್ಕಳು ಬದುಕಿ ಉಳಿಯುವುದು ಜಾಸ್ತಿ ಎಂದು ಅವುಗಳನ್ನು ವರ್ಷಗಟ್ಟಲೆ ಗಮನಿಸಿದವರು ಕಂಡುಕೊಂಡಿದ್ದಾರೆ. ಮುಟ್ಟು ನಿಂತ ಹೆಂಗಸಿನ ಕೆಲಸ ಮುಗಿಯಿತು ಎನ್ನುವವರಿಗೆ ನಾನು ಇದನ್ನು ಹೇಳುತ್ತೇನೆ. ಪ್ರಕೃತಿ ಹಾಗೆ ಅಂದುಕೊಂಡಿಲ್ಲ.

ಕೊನೆಯ ಮುಟ್ಟಾಗಿ 12 ತಿಂಗಳು ಮತ್ತೆ ಬಾರದೇ ಇದ್ದರೆ ಮಾತ್ರ 'ನಿಂತಿತು' ಎಂದು ಲೆಕ್ಕ. ನಿಮಗೆ ಇನ್ನೂ ನಿಂತಿಲ್ಲ, ನಿಲ್ಲುವ ಹಾದಿಯಲ್ಲಿದ್ದೀರಿ. ಇದಕ್ಕೆ ಸಾಮಾನ್ಯವಾಗಿ ನಾಲ್ಕು ವರ್ಷ ಹಿಡಿಯುತ್ತದೆ. ಕೆಲವರಿಗೆ ಒಂದೆರಡು, ಕೆಲವರಿಗೆ ಎಂಟು ವರ್ಷವೂ ಆಗಬಹುದು. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ಕ್ಕೆ ಮುಟ್ಟು ನಿಲ್ಲುತ್ತದೆ. ಅಮೆರಿಕ, ಯುರೋಪಿನ ಕಡೆ 51. ಬೀಡಿ, ಸಿಗರೇಟು ಸೇದುವವರಿಗೆ ಒಂದೆರಡು ವರ್ಷ ಬೇಗ. 40ಕ್ಕಿಂತ ಮೊದಲೇ ನಿಂತವರು 'ಕಿರಿಕಿರಿ ಹೋಯ್ತು' ಎಂದು ಸುಮ್ಮನಿರಬಾರದು. ಅವರಿಗೆ ಕಾರಣ ಹುಡುಕಬೇಕು, ಮೂಳೆ ಮತ್ತು ಹೃದಯ ಕಾಯಲು ಹಾರ್ಮೋನ್ ಚಿಕಿತ್ಸೆಯೂ ಬೇಕಾಗುತ್ತದೆ.

ಇನ್ನೊಂದು ಮಾತು. 45 ದಾಟಿದವರಿಗೆ ಮುಟ್ಟು ನಿಲ್ಲುತ್ತಿದೆಯಾ ಎಂದು ತಿಳಿಯಲು ಹಾರ್ಮೋನ್ ರಕ್ತಪರೀಕ್ಷೆ ಬೇಕಾಗಿಲ್ಲ. ಈ ಕಾಲದಲ್ಲಿ ಹಾರ್ಮೋನ್ ಮಟ್ಟ ಮಳೆಗಾಲದ ಕರೆಂಟಿನ ಹಾಗೆ. ಇವತ್ತು ಏರಿರುತ್ತದೆ, ನಾಳೆ ಇಳಿದಿರುತ್ತದೆ. ಒಂದು ದಿನದ ರಿಪೋರ್ಟ್ ನೋಡಿ ಏನೂ ಹೇಳಲು ಬರುವುದಿಲ್ಲ. ಆ ದುಡ್ಡನ್ನು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆಗೆ ಹಾಕಿ.

ಈಗ ರಕ್ತಸ್ರಾವದ ವಿಷಯ. ಅಂಡಾಣು ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಹುಟ್ಟುತ್ತದೆ. ಗರ್ಭಕೋಶದ ಒಳಪದರ ಅಳತೆ ಮೀರಿ ಬೆಳೆಯದಂತೆ ನೋಡಿಕೊಳ್ಳುವುದು ಇದೇ. ನಿಮ್ಮ ಪ್ರಾಯದಲ್ಲಿ ಕೆಲವು ತಿಂಗಳು ಅಂಡಾಣು ಬಿಡುಗಡೆ ಆಗುವುದಿಲ್ಲ. ಆಗ ಪ್ರೊಜೆಸ್ಟರಾನ್ ಇಲ್ಲ, ಈಸ್ಟ್ರೋಜನ್ ಮಾತ್ರ ಇದೆ. ಪದರ ದಪ್ಪವಾಗುತ್ತಲೇ ಹೋಗುತ್ತದೆ. ಎರಡು ತಿಂಗಳ ನಂತರ ಒಮ್ಮೆಲೇ ಕಳಚಿದಾಗ ಗಡ್ಡೆ ಗಡ್ಡೆಯಾಗಿ, ದಿನಗಟ್ಟಲೆ ಹೋಗುತ್ತದೆ. ನಿಮಗೂ ಹೀಗೇ ಆಗಿರುವ ಸಾಧ್ಯತೆ ಜಾಸ್ತಿ. ಆದರೆ ಫೈಬ್ರಾಯ್ಡ್ (ಗರ್ಭಕೋಶದಲ್ಲೇ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ), ಪಾಲಿಪ್ (ಒಳಪದರದಲ್ಲಿ ಮೂಡುವ ಸಣ್ಣ ಬೆಳವಣಿಗೆ), ಥೈರಾಯ್ಡ್ ತೊಂದರೆ, ಅಪರೂಪಕ್ಕೆ ಒಳಪದರದ ಕ್ಯಾನ್ಸರ್ ಕೂಡ ಹೀಗೇ ಕಾಣಿಸಿಕೊಳ್ಳುತ್ತವೆ. ಹೊರಗಿನಿಂದ ನೋಡಿ ಯಾವುದು ಎಂದು ಯಾರೂ ಹೇಳಲಾರರು.

ನೆನಪಿಡಿ, ಮುಟ್ಟು ನಿಲ್ಲುವ ಕಾಲದಲ್ಲಿ ಅಂತರ ಜಾಸ್ತಿಯಾಗುವುದು, ದಿನ ಕಡಿಮೆಯಾಗುವುದು ಸಾಮಾನ್ಯ. ಏಳು ದಿನ ದಾಟಿದರೆ, ಗಂಟೆಗೋ ಎರಡು ಗಂಟೆಗೋ ಪ್ಯಾಡ್ ಬದಲಾಯಿಸಬೇಕಾದರೆ, ರಾತ್ರಿ ಬಟ್ಟೆ ಹಾಸಿಗೆ ಒದ್ದೆಯಾದರೆ, ಎರಡು ಮುಟ್ಟಿನ ನಡುವೆ ಅಥವಾ ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಕಂಡರೆ ತೋರಿಸಲೇಬೇಕು. ಪ್ಯಾಡ್ ಗಂಟೆಗೊಂದರಂತೆ ತುಂಬುತ್ತಾ ತಲೆ ತಿರುಗಿದರೆ ಅದೇ ದಿನ, ಅದೇ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಿ. ಮುಟ್ಟು ಪೂರ್ತಿ ನಿಂತು ವರ್ಷ ಕಳೆದ ಮೇಲೆ ಒಂದೇ ಒಂದು ಚುಕ್ಕೆ ರಕ್ತ ಕಂಡರೂ ಬಿಡುವ ಹಾಗಿಲ್ಲ. 'ಮತ್ತೆ ಮುಟ್ಟು ಶುರುವಾಯ್ತು' ಎಂದು ನಗಾಡಿಕೊಂಡು ಆರು ತಿಂಗಳು ಬಿಟ್ಟು ಬರುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಒಳಪದರದ ಕ್ಯಾನ್ಸರ್ ಶುರುವಿನಲ್ಲೇ ರಕ್ತಸ್ರಾವದ ಮೂಲಕ ಸುಳಿವು ಕೊಡುತ್ತದೆ. ಆಗಲೇ ಬಂದರೆ ಹೆಚ್ಚಿನವರಿಗೆ ಪೂರ್ತಿ ಗುಣವಾಗುತ್ತದೆ.

ನಿಮಗೆ ಬೇಕಾದ ಪರೀಕ್ಷೆಗಳು ದೊಡ್ಡವೇನಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಬಿಪಿ, ಗರ್ಭಕೋಶದ ಸ್ಕ್ಯಾನಿಂಗ್. ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಈವರೆಗೆ ಮಾಡಿಸದಿದ್ದರೆ ಅದೂ ಆಗಲಿ. 45 ದಾಟಿ ರಕ್ತಸ್ರಾವ ಏರುಪೇರಾದವರಿಗೆ ಒಳಪದರದ ಒಂದು ಚೂರು ತೆಗೆದು ಬಯಾಪ್ಸಿ ಮಾಡಲು ವೈದ್ಯರು ಹೇಳಬಹುದು. ಬಯಾಪ್ಸಿ ಎಂದ ಕೂಡಲೇ ಹೆದರಬೇಡಿ. ಸಣ್ಣ ಕೊಳವೆ ಹಾಕಿ ಕೆಲವೇ ನಿಮಿಷದಲ್ಲಿ ತೆಗೆಯುತ್ತಾರೆ. ಮುಟ್ಟಿನ ಹೊಟ್ಟೆನೋವಿನಷ್ಟು ನೋವಿರುತ್ತದೆ, ಅದೇ ದಿನ ಮನೆಗೆ ಬರಬಹುದು. ಖಾಸಗಿ ಆಸ್ಪತ್ರೆಯ ಖರ್ಚಿನ ಚಿಂತೆ ಇದ್ದರೆ ಉಡುಪಿಯಲ್ಲಿ ಹೆಂಗಸರು ಮತ್ತು ಮಕ್ಕಳ ಸರ್ಕಾರಿ ಆಸ್ಪತ್ರೆ ಇದೆ. ಮಂಗಳೂರಿನಲ್ಲಿ ಲೇಡಿಗೋಶನ್ ಸರ್ಕಾರಿ ಆಸ್ಪತ್ರೆ ಇದೆ. ಅದು ಹೆರಿಗೆಗೆ ಮಾತ್ರ ಅಂದುಕೊಂಡವರು ಬಹಳ. ಹೆಂಗಸರ ಇಂಥ ತೊಂದರೆಗಳನ್ನೂ ಅಲ್ಲಿ ನೋಡುತ್ತಾರೆ.

ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ನಿಮ್ಮ ಸಿಟ್ಟಿನಲ್ಲಿ ಅದರ ಪಾಲೂ ಇರಬಹುದು. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಚಹಾ, ಕಾಫಿ, ಹಾಲಿನ ಜೊತೆ ತೆಗೆದುಕೊಳ್ಳಬೇಡಿ. ಲಿಂಬೆ ಶರಬತ್ತಿನ ಜೊತೆ ತೆಗೆದುಕೊಂಡರೆ ಮೈಗೆ ಹತ್ತುತ್ತದೆ.

ಗರ್ಭಕೋಶ ತೆಗೆಸುವುದು ಮೊದಲ ಚಿಕಿತ್ಸೆ ಅಲ್ಲ. ನಿಮ್ಮ ನಾದಿನಿಗೆ ಯಾವ ಕಾರಣಕ್ಕೆ ತೆಗೆದರೋ ನಮಗೆ ಗೊತ್ತಿಲ್ಲ, ಅವರಿಗೆ ಅದು ಬೇಕಾಗಿಯೇ ಇದ್ದಿರಬಹುದು. ಆದರೆ 'ಮಕ್ಕಳಾಗಿ ಆಯ್ತಲ್ಲ, ಇನ್ನು ಅದು ಯಾಕೆ' ಎನ್ನುವುದು ಕಾರಣವೇ ಅಲ್ಲ. ಪರೀಕ್ಷೆಯಲ್ಲಿ ಕೆಟ್ಟದ್ದೇನೂ ಇಲ್ಲದಿದ್ದರೆ, ರಕ್ತ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ, ಪ್ರೊಜೆಸ್ಟರಾನ್ ಮಾತ್ರೆ ಇದೆ. ನೋಡಲು ಕಾಪರ್ ಟಿಯಂತೆಯೇ ಇರುವ, ಆದರೆ ಒಳಗಿನಿಂದ ಸ್ವಲ್ಪ ಸ್ವಲ್ಪ ಹಾರ್ಮೋನ್ ಬಿಡುವ ಸಾಧನವೂ ಇದೆ. ಒಮ್ಮೆ ಹಾಕಿದರೆ ಕನಿಷ್ಠ ಐದು ವರ್ಷ ಇರುತ್ತದೆ. ಬಹಳ ಜನರಿಗೆ ರಕ್ತಸ್ರಾವ ಅರ್ಧಕ್ಕಿಂತಲೂ ಕಡಿಮೆಯಾಗಿ, ಮುಟ್ಟು ನಿಲ್ಲುವ ತನಕದ ಕಾಲ ಹೀಗೇ ಕಳೆದುಹೋಗುತ್ತದೆ. ನನ್ನ ಮಾತು ಕೇಳುವುದಾದರೆ, ಆಪರೇಷನ್ ಬಗ್ಗೆ ಯೋಚಿಸುವ ಮೊದಲು ಇದನ್ನೊಮ್ಮೆ ಕೇಳಿ ನೋಡಿ.

ಯಾರಾದರೂ ಆಪರೇಷನ್ ಎಂದರೆ ಮೂರು ಪ್ರಶ್ನೆ ಕೇಳಿ. ನನಗೆ ಏನಾಗಿದೆ? ಬೇರೆ ಚಿಕಿತ್ಸೆ ಯಾಕೆ ಆಗುವುದಿಲ್ಲ? ಅಂಡಾಶಯ ಉಳಿಸುತ್ತೀರಾ, ತೆಗೆಯುತ್ತೀರಾ? ಮೂರನೆಯದನ್ನು ಕೇಳುವವರೇ ಇಲ್ಲ. ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ಬರುವುದಿಲ್ಲ, ಆದರೆ ಹಾರ್ಮೋನ್ ಇರುತ್ತದೆ. ಎರಡೂ ಅಂಡಾಶಯ ತೆಗೆದರೆ ಈಸ್ಟ್ರೋಜನ್ ಒಂದೆರಡು ದಿನದಲ್ಲೇ ಬಿದ್ದುಹೋಗುತ್ತದೆ. ನಿಧಾನವಾಗಿ ಆಗಬೇಕಾದ ಬದಲಾವಣೆಯೆಲ್ಲ ಒಟ್ಟಿಗೇ ಬಂದು ಬೀಳುತ್ತದೆ. ಬೇಡದ ಗರ್ಭಕೋಶ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಮಾಡಿದೆ. ರಾಜ್ಯಗಳು ಅದನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿದೆ. ಇಲ್ಲಿಯ ತನಕ ಬಂದಿದೆ ಎಂದರೆ ಈ ಆಪರೇಷನ್ ಎಷ್ಟು ಸಲೀಸಾಗಿ ಆಗುತ್ತಿತ್ತು ಎಂದು ಯೋಚಿಸಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು. ಮೊದಲಿನ ಡಾಕ್ಟರಿಗೆ ಬೇಸರ ಆಗುತ್ತದೆ ಅಂತ ಸಂಕೋಚ ಬೇಡ.

ಮೈ ಬಿಸಿಯಾಗುವುದು ಯಾಕೆ? ಮೈಯ ಬಿಸಿ ಎಷ್ಟಿರಬೇಕು ಎಂದು ನೋಡಿಕೊಳ್ಳುವ ಭಾಗ ಮೆದುಳಿನಲ್ಲಿದೆ. ಈಸ್ಟ್ರೋಜನ್ ಇಳಿದಾಗ ಅದು ಅತಿ ಸೂಕ್ಷ್ಮವಾಗುತ್ತದೆ. ಬಿಸಿ ಕೂದಲೆಳೆಯಷ್ಟು ಏರಿದರೂ 'ಸೆಕೆ ಜಾಸ್ತಿಯಾಯ್ತು' ಎಂದು ತಿಳಿದು ರಕ್ತನಾಳ ಹಿಗ್ಗಿಸಿ, ಬೆವರು ಹರಿಸಿಬಿಡುತ್ತದೆ. ಎದೆಯಿಂದ ಶುರುವಾಗಿ ಕುತ್ತಿಗೆ, ಮುಖಕ್ಕೆ ಏರುವ ಬಿಸಿ, ಜೊತೆಗೆ ಎದೆ ಡವಡವ. ಒಂದರಿಂದ ಐದು ನಿಮಿಷ. ಆಮೇಲೆ ಕೆಲವರಿಗೆ ಚಳಿ. ನಮ್ಮ ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲರೂ ಬೆವರುತ್ತಾರೆ, ಹಾಗಾಗಿ ಹೆಂಗಸು ಹೇಳಿಕೊಂಡರೆ 'ನಮಗೂ ಸೆಕೆಯೇ' ಎನ್ನುವ ಉತ್ತರ ಸಿಗುತ್ತದೆ. ಅದು ಹಾಗಲ್ಲ. ಹೊರಗಿನ ಸೆಕೆ ಫ್ಯಾನಿನ ಕೆಳಗೆ ಕೂತರೆ ಕಡಿಮೆಯಾಗುತ್ತದೆ. ಇದು ಜಡಿಮಳೆಯ ರಾತ್ರಿಯಲ್ಲೂ ಬರುತ್ತದೆ. ಜೊತೆಗೆ ನಮ್ಮ ಹವೆಯಲ್ಲಿ ತೇವ ಜಾಸ್ತಿ, ಬೆವರು ಬೇಗ ಆರುವುದಿಲ್ಲ, ಹಿಂಸೆ ಇನ್ನೂ ಹೆಚ್ಚು.

ಇದು ಎಷ್ಟು ಕಾಲ ಇರುತ್ತದೆ ಎಂದು ಕೇಳಿದರೆ, ಸರಾಸರಿ ಏಳು ವರ್ಷ. ಕೆಲವರಿಗೆ ಬರುವುದೇ ಇಲ್ಲ. ರಾತ್ರಿ ತೆಳು ಹತ್ತಿಬಟ್ಟೆ, ಸಂಜೆಯ ಮೇಲೆ ಕಾಫಿ ಬಿಡುವುದು, ರಾತ್ರಿ ಊಟಕ್ಕೆ ಖಾರ ಕಡಿಮೆ ಮಾಡುವುದು, ತೂಕ ಜಾಸ್ತಿ ಇದ್ದರೆ ಸ್ವಲ್ಪ ಇಳಿಸುವುದು, ಇಷ್ಟರಿಂದಲೇ ಸುಧಾರಿಸುವವರಿದ್ದಾರೆ. ನೀವು ಬೆಳಗ್ಗೆ ಬೇಗ ಎದ್ದು ಮೊಗ್ಗು ಕೊಯ್ದು, ಅಟ್ಟೆ (ಮಲ್ಲಿಗೆ ಮಾಲೆಯ ಕಟ್ಟು) ಕಟ್ಟಿ ಕಳಿಸಬೇಕು. ತಡವಾಗಿ ಏಳಿ ಎಂದು ಹೇಳಿ ಪ್ರಯೋಜನ ಇಲ್ಲ. ಹೂವು ಕಳಿಸಿದ ಮೇಲೆ ಮಧ್ಯಾಹ್ನ ಅರ್ಧ ಗಂಟೆ ಮಲಗಿ, ಅದಕ್ಕಿಂತ ಜಾಸ್ತಿ ಬೇಡ. ಆ ಅರ್ಧ ಗಂಟೆಯನ್ನು ಯಾರೂ ಸೋಮಾರಿತನ ಎನ್ನದಂತೆ ನೋಡಿಕೊಳ್ಳುವುದು ನಿಮ್ಮ ಯಜಮಾನರ ಜವಾಬ್ದಾರಿ.

ಇಷ್ಟಕ್ಕೂ ಕಡಿಮೆಯಾಗದಿದ್ದರೆ, ಕಡಿಮೆಯಾದ ಈಸ್ಟ್ರೋಜನನ್ನು ಹೊರಗಿನಿಂದ ಕೊಡುವ ಹಾರ್ಮೋನ್ ಚಿಕಿತ್ಸೆ ಇದೆ. ಸಹಜ ಎಂದ ಮಾತ್ರಕ್ಕೆ ಹಲ್ಲು ಕಚ್ಚಿ ಸಹಿಸಬೇಕಾಗಿಲ್ಲ. ಹೆರಿಗೆಯೂ ಸಹಜವೇ, ಆದರೂ ನಾವು ಆಸ್ಪತ್ರೆಗೆ ಹೋಗುತ್ತೇವೆ ಅಲ್ವಾ?

ಹಾರ್ಮೋನ್ ಮತ್ತು ಕ್ಯಾನ್ಸರಿನ ಹೆದರಿಕೆ ಜೋರಾದದ್ದು 2002ರಲ್ಲಿ. ಅಮೆರಿಕದ ಒಂದು ದೊಡ್ಡ ಅಧ್ಯಯನವನ್ನು ಆ ವರ್ಷ ಅರ್ಧಕ್ಕೇ ನಿಲ್ಲಿಸಿದರು. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಥರದ ಹಾರ್ಮೋನ್ ಎರಡೂ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಕಂಡಿತ್ತು. ಸ್ವಲ್ಪ ಎಂದರೆ ಎಷ್ಟು? ವರ್ಷಕ್ಕೆ 10,000 ಹೆಂಗಸರಲ್ಲಿ ಎಂಟು ಜನರಿಗೆ ಹೆಚ್ಚು. ಈ ಸಂಖ್ಯೆ ಪತ್ರಿಕೆಗಳ ತಲೆಬರಹದಲ್ಲಿ ಬರಲಿಲ್ಲ, 'ಕ್ಯಾನ್ಸರ್' ಮಾತ್ರ ಬಂತು. ಆ ಅಧ್ಯಯನದಲ್ಲಿದ್ದವರ ಸರಾಸರಿ ಪ್ರಾಯ 63 ಎನ್ನುವುದನ್ನೂ ಜನ ಗಮನಿಸಲಿಲ್ಲ. ಮುಂದೆ ಅದೇ ಲೆಕ್ಕವನ್ನು ಪ್ರಾಯದ ಪ್ರಕಾರ ಬಿಡಿಸಿ ನೋಡಿದರು. 60ಕ್ಕಿಂತ ಕೆಳಗಿನವರಿಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದ ಒಳಗೆ ಶುರು ಮಾಡಿದವರಿಗೆ, ತೊಂದರೆ ಜೋರಾಗಿದ್ದರೆ, ಹಾನಿಗಿಂತ ಲಾಭವೇ ಜಾಸ್ತಿ ಎಂದು ಈಗ ವೈದ್ಯರು ಒಪ್ಪುತ್ತಾರೆ.

ಹಾಗಂತ ಮೆಡಿಕಲ್‌ಗೆ ಹೋಗಿ ಕೇಳಿ ತರುವ ಔಷಧಿ ಇದಲ್ಲ. ಸ್ತನ ಕ್ಯಾನ್ಸರ್ ಆದವರು, ಹೃದಯಾಘಾತ, ಪಾರ್ಶ್ವವಾಯು ಆದವರು, ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಲಿವರ್ ಕಾಯಿಲೆ ಇರುವವರು ತೆಗೆದುಕೊಳ್ಳಬಾರದು. ಕಾರಣ ಗೊತ್ತಾಗದ ರಕ್ತಸ್ರಾವ ಇರುವವರೂ ತೆಗೆದುಕೊಳ್ಳಬಾರದು. ನೀವು ಈಗ ಈ ಕೊನೆಯ ಗುಂಪಿನಲ್ಲಿದ್ದೀರಿ. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಹಾರ್ಮೋನ್ ಮಾತು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಡುವುದಿಲ್ಲ, ಪ್ರೊಜೆಸ್ಟರಾನ್ ಸೇರಿಸಲೇಬೇಕು. ಚರ್ಮಕ್ಕೆ ಹಚ್ಚುವ ಜೆಲ್ ಕೂಡ ಇದೆ, ಮಾತ್ರೆಗಿಂತ ಅದರಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ. ಹಾರ್ಮೋನ್ ಬೇಡವೆನ್ನುವವರಿಗೆ ಬಿಸಿ ಕಡಿಮೆ ಮಾಡುವ ಬೇರೆ ಮಾತ್ರೆಗಳೂ ಇವೆ. ಹೆಸರು, ಅಂಶ ಏನೂ ಬರೆಯದ ಪುಡಿ, ಲೇಹ್ಯಗಳನ್ನು ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ.

ಸಿಟ್ಟು, ಅಳುವಿನ ವಿಷಯ. ಈ ಕಾಲದಲ್ಲಿ ಮನಸ್ಸು ಕುಗ್ಗುವುದು ಮೈಯೊಳಗಿನ ಬದಲಾವಣೆಯಿಂದಲೂ ಹೌದು, ನಿದ್ದೆ ಇಲ್ಲದೇ ಇರುವುದರಿಂದಲೂ ಹೌದು. ಮಕ್ಕಳು ಓದಲಿಕ್ಕೆ, ಕೆಲಸಕ್ಕೆ ಎಂದು ಬೆಂಗಳೂರಿಗೋ ಗಲ್ಫಿಗೋ ಹೋಗಿ ಮನೆ ಖಾಲಿಯಾಗುವುದೂ, ಹಿರಿಯರ ಆರೈಕೆ ಹೆಗಲಿಗೆ ಬೀಳುವುದೂ ಇದೇ ಹೊತ್ತಿನಲ್ಲಿ. ನಿಮ್ಮ ಸ್ವಭಾವ ಕೆಟ್ಟದಾಗಿಲ್ಲ. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಮನಸ್ಸಿಲ್ಲ, ಬದುಕುವುದೇ ಬೇಡ ಅನ್ನಿಸಿದರೆ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನೀವು ಕೇಳದೇ ಇರುವ ಒಂದೆರಡು ವಿಷಯ ಹೇಳುತ್ತೇನೆ, ಯಾಕೆಂದರೆ ಇವನ್ನು ಹೆಚ್ಚಿನವರು ಬಾಯಿಬಿಟ್ಟು ಕೇಳುವುದಿಲ್ಲ. ಯೋನಿ ಒಣಗಿದಂತಾಗಿ ಉರಿ, ಕೂಡುವಾಗ ನೋವು, ಪದೇ ಪದೇ ಉರಿಮೂತ್ರ ಬರಬಹುದು. ಮೈ ಬಿಸಿಯಾಗುವುದು ವರ್ಷ ಕಳೆದ ಹಾಗೆ ಕಡಿಮೆಯಾಗುತ್ತದೆ, ಇದು ಚಿಕಿತ್ಸೆ ಇಲ್ಲದೆ ಕಡಿಮೆಯಾಗುವುದಿಲ್ಲ. ಅಲ್ಲಿಗೇ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ. ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕೆಮ್ಮಿದಾಗ, ಸೀನಿದಾಗ ಮೂತ್ರ ಜಾರುವವರು ಮೂತ್ರ ತಡೆದು ಹಿಡಿಯುವ ಸ್ನಾಯುವನ್ನು ಬಿಗಿಮಾಡಿ ಐದು ಎಣಿಸಿ ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೂವು ಕಟ್ಟುತ್ತಾ ಕೂತಲ್ಲೇ ಮಾಡಬಹುದು. ಮೂರು ತಿಂಗಳು ಬಿಡದೆ ಮಾಡಿ.

ಮೂಳೆಯ ಮಾತು ಇನ್ನೂ ಮುಖ್ಯ. ಮುಟ್ಟು ನಿಂತ ಮೊದಲ ಐದಾರು ವರ್ಷದಲ್ಲಿ ಮೂಳೆ ಬಹಳ ಬೇಗ ಸವೆಯುತ್ತದೆ, ನೋವೇ ಇಲ್ಲದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ, ಕೈ ಊರಿ ಮಣಿಕಟ್ಟು ಮುರಿದುಕೊಂಡಾಗಲೇ ಗೊತ್ತಾಗುವುದು. ಆ ಪಾಚಿಯನ್ನು ತಿಕ್ಕಿ ತೆಗೆಸುವುದೂ ಒಂದು ಚಿಕಿತ್ಸೆಯೇ. ಮುಟ್ಟು ನಿಂತವರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ಕುಚ್ಚಲಕ್ಕಿ ಗಂಜಿಯಲ್ಲಿ ಅದು ಹೆಚ್ಚಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಹಾಗಾಗಿ ಬೆಳಗ್ಗೆ ಒಂದು ಹೊತ್ತು ರಾಗಿ ಮಾಡಿ. ಎಳ್ಳು, ಹರಿವೆ ಸೊಪ್ಪು, ಹಾಲು, ಮಜ್ಜಿಗೆ, ಮೀನು ತಿನ್ನುವವರು ಮುಳ್ಳು ಸಮೇತ ಅಗಿಯಬಹುದಾದ ಸಣ್ಣ ಮೀನು, ಎಲ್ಲ ಒಳ್ಳೆಯದು. ಒಣಮೀನು, ಉಪ್ಪಿನಕಾಯಿ ಮಿತಿಯಲ್ಲಿರಲಿ. ಈಸ್ಟ್ರೋಜನ್ ಕಡಿಮೆಯಾದ ಮೇಲೆ ಹೆಂಗಸರಿಗೂ ಬಿಪಿ, ಹೃದಯದ ತೊಂದರೆ ಏರುತ್ತದೆ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಮನೆಕೆಲಸದ ಓಡಾಟ ಬೇರೆ, ಇದು ಬೇರೆ.

ಅತ್ತೆಯ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಅವರ ಕಾಲದಲ್ಲಿ 'ನಿಮಗೆ ಹೇಗಾಗುತ್ತಿದೆ' ಎಂದು ಯಾರೂ ಕೇಳಿರಲಿಕ್ಕಿಲ್ಲ. ರಕ್ತ ಹೋಗಿ ಹೋಗಿ ಬಿಳುಚಿಕೊಂಡವರು 'ಪ್ರಾಯಕ್ಕೆ ಇದ್ದದ್ದೇ' ಎಂದು ದಿನ ದೂಡಿದರು. ಅವರನ್ನೇ ಜೊತೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅವರ ಬಿಪಿ, ಶುಗರ್ ಕೂಡ ನೋಡಿಸಬಹುದು. ಮಗಳಿದ್ದರೆ ನಿಮಗೆ ಯಾವ ಪ್ರಾಯದಲ್ಲಿ ಮುಟ್ಟು ನಿಂತಿತು ಎಂದು ಮುಂದೆ ತಿಳಿಸಿ. ತಾಯಿಗೆ ನಿಂತ ಪ್ರಾಯದ ಆಸುಪಾಸಿನಲ್ಲೇ ಮಗಳಿಗೂ ನಿಲ್ಲುವುದು ಸಾಮಾನ್ಯ.

ವೈದ್ಯರ ಹತ್ತಿರ ಹೋಗುವಾಗ ಹಿಂದಿನ ಆರು ತಿಂಗಳ ಮುಟ್ಟಿನ ತಾರೀಕು, ಎಷ್ಟು ದಿನ ಹೋಯಿತು, ಜಾಸ್ತಿ ಹೋದ ದಿನ ಎಷ್ಟು ಪ್ಯಾಡ್ ಬೇಕಾಯಿತು ಎಂದು ನೆನಪಿದ್ದಷ್ಟು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಒಯ್ಯಿರಿ. ತಿನ್ನುತ್ತಿರುವ ಬೇರೆ ಮಾತ್ರೆಗಳನ್ನೂ ತೋರಿಸಿ. ರಿಪೋರ್ಟ್ ಬಂದ ಮೇಲೆ ಹಿಮೋಗ್ಲೋಬಿನ್ ಎಷ್ಟಿದೆ, ಒಳಪದರದ ದಪ್ಪ ಎಷ್ಟು ಮಿಲಿಮೀಟರ್, ಬಯಾಪ್ಸಿಯಲ್ಲಿ ಏನು ಬಂದಿದೆ ಎಂದು ನನಗೆ ಬರೆಯಿರಿ. ಮಾತ್ರೆ ಸಾಕೋ, ಒಳಗೆ ಹಾಕುವ ಸಾಧನ ಬೇಕೋ ಎನ್ನುವುದನ್ನು ಆಗ ಸರಿಯಾಗಿ ಹೇಳಬಹುದು.